ಹತ್ತಿ ಯಾಕೆ ಸೊರಗುತ್ತದೆ, ಕೆಲವು ಗಿಡ ಹೇಗೆ ತಡೆದುಕೊಳ್ಳುತ್ತವೆ?

ಹುಬ್ಬಿ ಮಳೆ, ಉತ್ತರಿ ಮಳೆ ಜೋರಾಗಿ ಸುರಿದು, ಮೇಲೆ ಎರಡು ದಿನ ಚುರುಕು ಬಿಸಿಲು ಬಿದ್ದರೆ ಸಾಕು. ಹುನಗುಂದ, ಬೈಲಹೊಂಗಲ, ಸಿಂದಗಿ, ಮುದ್ದೇಬಿಹಾಳ ಎಲ್ಲ ಕಡೆ ರೈತರ ಮೊಬೈಲ್‌ಗಳಲ್ಲಿ ಒಂದೇ ತರಹದ ಫೋಟೊ ಓಡಾಡಲು ಶುರುವಾಗುತ್ತವೆ. ನಿನ್ನೆ ಸಂಜೆವರೆಗೂ ಚೆನ್ನಾಗಿದ್ದ ಹತ್ತಿ ಗಿಡ, ಮೈತುಂಬ ಕಾಯಿ, ಆದರೆ ಎಲೆಗಳೆಲ್ಲ ಜೋತು ಬಿದ್ದಿವೆ. ಕೆಳಗೆ ಪ್ರಶ್ನೆ: "ಇದಕ್ಕೆ ಏನು ಹೊಡೀಬೇಕ್ರಿ?" ಒಬ್ಬರು ಸೊರಗು ರೋಗ ಅನ್ನುತ್ತಾರೆ. ಇನ್ನೊಬ್ಬರು ಬೀಜವೇ ಸರಿ ಇಲ್ಲ ಅನ್ನುತ್ತಾರೆ. ಅಂಗಡಿಯಲ್ಲಿ ಬುಡಕ್ಕೆ ಸುರಿಯಲು ಒಂದು ಡಬ್ಬಿ ಕೊಡುತ್ತಾರೆ, ಜೊತೆಗೆ ಮುಂದಿನ ವರ್ಷ ಸೊರಗು ನಿರೋಧಕ ಬೀಜ ಹಾಕಿ ಅಂತ ಒಂದು ಸಲಹೆ.

ಈ ನಿರೋಧಕ ಶಕ್ತಿ ಅಂದರೆ ನಿಜವಾಗಿ ಏನು? ಅದು ಬೀಜದೊಳಗೆ ಎಲ್ಲಿರುತ್ತದೆ, ಹೇಗೆ ಬಂತು, ಯಾವುದರಿಂದ ಕಾಪಾಡುತ್ತದೆ, ಯಾವುದರಿಂದ ಕಾಪಾಡುವುದಿಲ್ಲ? ಇದು ಗೊತ್ತಿದ್ದರೆ ದುಡ್ಡು ಉಳಿಯುತ್ತದೆ, ಹೊಲವೂ ಉಳಿಯುತ್ತದೆ. ಹಾಗಾಗಿ ಬುಡದಿಂದಲೇ ಶುರು ಮಾಡೋಣ.

ಸೊರಗಿದ್ದೆಲ್ಲ ಸೊರಗು ರೋಗವಲ್ಲ

ಹತ್ತಿ ಗಿಡ ಜೋತು ಬೀಳಲು ನಮ್ಮ ಕಡೆ ಮುಖ್ಯವಾಗಿ ಮೂರು ಕಾರಣ. ಮಾತಾಡುವಾಗ ಮೂರನ್ನೂ ನಾವು ಸೊರಗು ಅಂದುಬಿಡುತ್ತೇವೆ. ಆದರೆ ಮೂರಕ್ಕೂ ಕಾರಣ ಬೇರೆ, ಉಪಾಯವೂ ಬೇರೆ.

ಒಂದು ಚಾಕು ತೆಗೆದುಕೊಳ್ಳಿ. ಸೊರಗಿದ ಒಂದು ಗಿಡವನ್ನು ಬೇರು ಸಮೇತ ಕೀಳಿ. ಸುಮ್ನೆ ಎಳೆದರೇ ಬಂದುಬಿಟ್ಟಿತು, ಬೇರಿನ ಸಿಪ್ಪೆ ನಾರು ನಾರಾಗಿ ಸುಲಿದು ಬರುತ್ತಿದೆ, ಒಳಗೆಲ್ಲ ಕೊಳೆತಿದೆ ಅಂದರೆ ಅದು ಬೇರು ಕೊಳೆ ರೋಗ. ಅದನ್ನು ತರುವ ಶಿಲೀಂಧ್ರಗಳೇ ಬೇರೆ.

ಬೇರು ಗಟ್ಟಿಯಾಗಿ ನೆಲ ಹಿಡಿದಿತ್ತು, ಕೊಳೆತಿಲ್ಲ ಅಂದರೆ ಕಾಂಡದ ಬುಡವನ್ನು ಅಡ್ಡಕ್ಕೆ ಕೊಯ್ದು ನೋಡಿ. ಸಿಪ್ಪೆಯ ಒಳಗಿನ ಕಟ್ಟಿಗೆಯಲ್ಲಿ ಕಂದು ಅಥವಾ ಕಪ್ಪು ಚುಕ್ಕಿಗಳು ಉಂಗುರದ ಹಾಗೆ ಕಾಣುತ್ತಿವೆಯಾ? ಅದೇ ಕಾಂಡವನ್ನು ಉದ್ದಕ್ಕೆ ಸೀಳಿ. ಆ ಚುಕ್ಕಿಗಳೇ ಈಗ ಬುಡದಿಂದ ಮೇಲಕ್ಕೆ ಹೋದ ಕಪ್ಪು ಗೆರೆಗಳಾಗಿ ಕಾಣುತ್ತವೆ. ಒಮ್ಮೊಮ್ಮೆ ಈ ಗೆರೆ ಗಿಡದ ಒಂದೇ ಪಕ್ಕದಲ್ಲಿರುತ್ತದೆ, ಆಗ ಆ ಪಕ್ಕದ ಟೊಂಗೆ ಮಾತ್ರ ಬಾಡಿ ಇನ್ನೊಂದು ಪಕ್ಕ ಹಸಿರಾಗಿಯೇ ಇರುತ್ತದೆ. ಇದು ಫ್ಯುಸೇರಿಯಂ ಎಂಬ ಶಿಲೀಂಧ್ರ ತರುವ ಸೊರಗು ರೋಗದ ಗುರುತು. ಈ ಲೇಖನ ಇದರ ಬಗ್ಗೆ.

ಇನ್ನು ಮೂರನೆಯದು. ಬೇರು ಚೆನ್ನಾಗಿದೆ, ಕಾಂಡ ಸೀಳಿದರೆ ಒಳಗೆ ಬೆಳ್ಳಗೆ ಶುಚಿಯಾಗಿದೆ, ಆದರೂ ಗಿಡ ಒಂದೆರಡು ದಿನದಲ್ಲಿ, ಕೆಲವೊಮ್ಮೆ ಕೆಲವೇ ತಾಸುಗಳಲ್ಲಿ ಜೋತು ಬಿದ್ದಿದೆ. ಇದನ್ನು ಪ್ಯಾರಾವಿಲ್ಟ್ ಅನ್ನುತ್ತಾರೆ, ಅಂದರೆ ಹಠಾತ್ ಸೊರಗು. ಇಲ್ಲಿ ಯಾವ ಶಿಲೀಂಧ್ರವೂ ಇಲ್ಲ, ಯಾವ ರೋಗಾಣುವೂ ಇಲ್ಲ. ಬಹಳ ದಿನ ಒಣಗಿದ್ದ ಎರಿ ಭೂಮಿಗೆ ಒಮ್ಮೆಲೆ ಭಾರಿ ಮಳೆ ಬಂದು ನೀರು ನಿಲ್ಲುತ್ತದೆ. ಬೇರಿಗೆ ಗಾಳಿ ಸಿಗುವುದಿಲ್ಲ. ಗಿಡದ ಮೇಲೆ ಕಾಯಿ ಭಾರ ಜಾಸ್ತಿ, ಬಿಸಿಲೂ ಜಾಸ್ತಿ. ಎಲೆಗೆ ಬೇಕಾದಷ್ಟು ನೀರನ್ನು ಬೇರು ಎಳೆದು ಕೊಡಲಾಗದೆ ಗಿಡ ಕುಸಿಯುತ್ತದೆ. ಮೈತುಂಬ ಕಾಯಿ ಹಿಡಿಯುವ ಹೈಬ್ರಿಡ್‌ಗಳಲ್ಲಿ ಇದು ಹೆಚ್ಚು. ಇದಕ್ಕೆ ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಹೇಳುವ ಉಪಾಯ ಎಂದರೆ, ಲಕ್ಷಣ ಕಂಡ ಒಂದು ದಿನದೊಳಗೆ ಕೋಬಾಲ್ಟ್ ಕ್ಲೋರೈಡನ್ನು ಲೀಟರ್ ನೀರಿಗೆ 10 ಮಿಲಿಗ್ರಾಂ ಲೆಕ್ಕದಲ್ಲಿ ಸಿಂಪಡಿಸುವುದು. ತಡವಾದರೆ ಉಪಯೋಗವಿಲ್ಲ. ನಿಂತ ನೀರು ಬಸಿದು ಹೋಗುವಂತೆ ಮಾಡುವುದು ಎಲ್ಲಕ್ಕಿಂತ ಮೊದಲ ಕೆಲಸ.

ಮೊಬೈಲ್‌ನಲ್ಲಿ ಓಡಾಡುವ ಫೋಟೊಗಳಲ್ಲಿ ಮಳೆಯ ಮರುದಿನ ಜೋತು ಬಿದ್ದ ಬಿಟಿ ಹತ್ತಿ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಶಿಲೀಂಧ್ರವೇ ಇಲ್ಲದ ಕಡೆ ಶಿಲೀಂಧ್ರನಾಶಕ ಸುರಿದು ಸಾವಿರಾರು ರೂಪಾಯಿ ಕಳೆದುಕೊಳ್ಳುವುದನ್ನು ನೋಡಿದರೆ ಸಂಕಟವಾಗುತ್ತದೆ. ಒಂದು ಗಿಡ ಸೀಳಿ ನೋಡಲು ಎರಡು ನಿಮಿಷವೂ ಬೇಡ.

ಶಿಲೀಂಧ್ರ ಒಳಗೆ ಹೋಗಿ ಏನು ಮಾಡುತ್ತದೆ

ರೋಗಾಣುವಿನ ಹೆಸರು ಫ್ಯುಸೇರಿಯಂ ಆಕ್ಸಿಸ್ಪೋರಮ್. ಇದೊಂದು ದೊಡ್ಡ ಬಳಗ. ಮಣ್ಣಿನಲ್ಲಿ ಎಲ್ಲೆಲ್ಲೂ ಇರುತ್ತದೆ, ಹೆಚ್ಚಿನವು ನಿರುಪದ್ರವಿಗಳು. ಆದರೆ ಕೆಲವು ರೂಪಗಳು ಒಂದೊಂದು ಬೆಳೆಗೆ ಅಂಟಿಕೊಂಡಿವೆ. ಬಾಳೆಯ ಪನಾಮಾ ರೋಗ, ಕಡಲೆಯ ಸಿಡಿ ರೋಗ, ಟೊಮ್ಯಾಟೊ ಸೊರಗು ಎಲ್ಲ ಇದೇ ಬಳಗದ್ದು. ಹತ್ತಿಗೆ ಬರುವ ರೂಪಕ್ಕೆ ವಾಸಿನ್‌ಫೆಕ್ಟಮ್ ಅಂತ ಹೆಸರು. ಕಡಲೆ ಸಿಡಿ ಹಾಯ್ದ ಹೊಲದಲ್ಲಿ ಹತ್ತಿ ಹಾಕಬಹುದಾ ಅಂತ ಹಲವರು ಕೇಳುತ್ತಾರೆ. ಕಡಲೆಯ ರೂಪ ಹತ್ತಿಯನ್ನು ಸೊರಗಿಸುವುದಿಲ್ಲ, ಹತ್ತಿಯದು ಕಡಲೆಯನ್ನು ಸೊರಗಿಸುವುದಿಲ್ಲ. ಅದರ ಚಿಂತೆ ಬೇಡ.

ಹತ್ತಿಯ ಈ ರೋಗವನ್ನು ಮೊದಲು ಗುರುತಿಸಿ ಬರೆದದ್ದು 1892ರಲ್ಲಿ, ಅಮೆರಿಕದ ಅಲಬಾಮಾದಲ್ಲಿ, ಜಾರ್ಜ್ ಅಟ್ಕಿನ್ಸನ್ ಎಂಬ ವಿಜ್ಞಾನಿ. ಭಾರತದಲ್ಲಿ 20ನೇ ಶತಮಾನದ ಮೊದಲ ದಶಕದಲ್ಲೇ ಇದರ ವರದಿ ಬಂತು.

ಬೆಳೆ ಇಲ್ಲದಾಗ ಈ ಶಿಲೀಂಧ್ರ ದಪ್ಪ ಗೋಡೆಯ ಬೀಜಕಣಗಳಾಗಿ ಮಣ್ಣಿನಲ್ಲಿ ಮಲಗಿರುತ್ತದೆ. ಒಂದೆರಡು ವರ್ಷವಲ್ಲ, ಹತ್ತು ವರ್ಷ ದಾಟಿದರೂ ಬದುಕಿರಬಲ್ಲದು. ಹತ್ತಿಯ ಎಳೆ ಬೇರು ಹತ್ತಿರ ಬಂದಾಗ, ಬೇರಿನಿಂದ ಸೋರುವ ಸಕ್ಕರೆಯಂಥ ಪದಾರ್ಥಗಳು ತಾಕಿ ಆ ಕಣ ಮೊಳಕೆಯೊಡೆಯುತ್ತದೆ. ಬೇರಿನ ತುದಿಯಿಂದಲೋ, ಗಾಯದಿಂದಲೋ ಒಳಗೆ ನುಗ್ಗುತ್ತದೆ. ಬೇರಿನಲ್ಲಿ ಗಂಟು ಮಾಡುವ ಜಂತುಹುಳು, ಅಂದರೆ ನೆಮಟೋಡ್ ಇದ್ದರೆ ಗಾಯ ಸಿದ್ಧವಾಗಿಯೇ ಇರುತ್ತದೆ.

ಒಳಗೆ ಹೋದಮೇಲೆ ಅದು ಹುಡುಕುವುದು ಗಿಡದ ನೀರಿನ ಕೊಳವೆಗಳನ್ನು. ಇದನ್ನು ತಿಳಿಯಲು ತಿಕೋಟಾ ಕಡೆಯ ದ್ರಾಕ್ಷಿ ತೋಟದ ಡ್ರಿಪ್ ನೆನಪು ಮಾಡಿಕೊಳ್ಳಿ. ಬೇರಿನಿಂದ ಎಲೆಯವರೆಗೆ ಕೂದಲಿಗಿಂತ ಸಣ್ಣ ಪೈಪುಗಳ ಕಟ್ಟು ಹೋಗಿರುತ್ತದೆ. ಶಿಲೀಂಧ್ರ ಅದರೊಳಗೆ ಎಳೆ ಎಳೆಯಾಗಿ ಬೆಳೆಯುತ್ತದೆ, ಹೊಸ ಕಣಗಳನ್ನು ಬಿಡುತ್ತದೆ, ಆ ಕಣಗಳು ನೀರಿನ ಜೊತೆಗೇ ಮೇಲೆ ತೇಲಿ ಹೋಗಿ ಅಲ್ಲಿಯೂ ಬೇರೂರುತ್ತವೆ. ಜೊತೆಗೆ ಫ್ಯುಸೇರಿಕ್ ಆಮ್ಲದಂಥ ವಿಷವನ್ನೂ ಬಿಡುತ್ತದೆ. ಗಿಡ ಗಾಬರಿಬಿದ್ದು ಪೈಪಿನೊಳಗೆ ಅಂಟು ತುಂಬಿಸಿ ದಾರಿ ಮುಚ್ಚಲು ನೋಡುತ್ತದೆ. ಆದರೆ ಅಷ್ಟರಲ್ಲಿ ಶಿಲೀಂಧ್ರ ಮೇಲಿನ ಪೈಪಿಗೂ ಹೋಗಿಬಿಟ್ಟಿರುತ್ತದೆ. ಅಲ್ಲಿಯೂ ಮುಚ್ಚುತ್ತದೆ. ಹೀಗೆ ಮುಚ್ಚುತ್ತ ಮುಚ್ಚುತ್ತ ಕೊನೆಗೆ ಎಲೆಗೆ ನೀರೇ ಇಲ್ಲ. ನೆಲದಲ್ಲಿ ಹಸಿ ಇದ್ದರೂ ಗಿಡ ಬಾಯಾರಿ ಸಾಯುತ್ತದೆ.

ನೀವು ಚಾಕುವಿನಿಂದ ಸೀಳಿ ನೋಡಿದ ಕಪ್ಪು ಗೆರೆ ಇದೇ. ಮುಚ್ಚಿಹೋದ ಕೊಳವೆಗಳು.

ಅಲ್ಲಿಗೆ ಯಾವ ಔಷಧಿ ಮುಟ್ಟುತ್ತದೆ ಹೇಳಿ. ಎಲೆಯ ಮೇಲೆ ಹೊಡೆದದ್ದು ಕೆಳಗಿಳಿದು ಕಾಂಡದ ಒಳಕೊಳವೆಗೆ ಹೋಗುವುದಿಲ್ಲ. ಬುಡಕ್ಕೆ ಸುರಿದದ್ದನ್ನು ಎಳೆದುಕೊಳ್ಳುವ ಕೊಳವೆಯೇ ಮುಚ್ಚಿರುತ್ತದೆ. ಎಕರೆಗಟ್ಟಲೆ ಎರಿ ಮಣ್ಣನ್ನು ಔಷಧಿಯಿಂದ ಶುಚಿ ಮಾಡುವುದಂತೂ ಆಗದ ಮಾತು. ಹಾಗಾಗಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ವಿಜ್ಞಾನಿಗಳು ಗಿಡದ ಕಡೆಗೇ ತಿರುಗಿದ್ದಾರೆ.

ತಡೆದುಕೊಳ್ಳುವ ಗಿಡದಲ್ಲಿ ಬೇರೆ ಏನಿದೆ

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಇದೆ. ನಿರೋಧಕ ಗಿಡದೊಳಗೆ ಶಿಲೀಂಧ್ರ ಹೋಗುವುದೇ ಇಲ್ಲ ಅಂದುಕೊಳ್ಳುತ್ತಾರೆ. ಹೋಗುತ್ತದೆ. ಬೇರಿನಲ್ಲಿ ಹುಡುಕಿದರೆ ಸಿಗುತ್ತದೆ. ಆದರೆ ಮೇಲಕ್ಕೆ ಏರಲು ಆಗುವುದಿಲ್ಲ.

ವ್ಯತ್ಯಾಸ ಇರುವುದು ವೇಗದಲ್ಲಿ. ಎರಡೂ ಗಿಡದ ಹತ್ತಿರ ಆಯುಧ ಹೆಚ್ಚುಕಡಿಮೆ ಒಂದೇ. ಕೊಳವೆ ಮುಚ್ಚುವ ಅಂಟು ಎರಡರಲ್ಲೂ ಇದೆ. ಶಿಲೀಂಧ್ರಕ್ಕೆ ವಿಷವಾಗುವ ಪದಾರ್ಥಗಳನ್ನು ಎರಡೂ ತಯಾರಿಸುತ್ತವೆ. ಹತ್ತಿ ಕಾಳಿನಲ್ಲಿರುವ ಗಾಸಿಪಾಲ್ ಹೆಸರು ಕೇಳಿರಬಹುದು. ಈ ವಿಷಗಳು ಅದರ ದಾಯಾದಿಗಳೇ. ನಿರೋಧಕ ಗಿಡ ಶತ್ರುವನ್ನು ಬೇಗ ಗುರುತು ಹಿಡಿಯುತ್ತದೆ, ಬೇರಿನ ಹತ್ತಿರದಲ್ಲೇ ಆ ಕೆಲವು ಕೊಳವೆಗಳನ್ನು ಮಾತ್ರ ಮುಚ್ಚಿ, ಅಲ್ಲಿಯೇ ವಿಷ ತುಂಬಿಸಿ ಕೂರಿಸುತ್ತದೆ. ಡ್ರಿಪ್‌ನಲ್ಲಿ ಒಂದು ಸಾಲಿನ ಪೈಪಿಗೆ ಕಸ ಬಂತು ಅಂತ ಗೊತ್ತಾದ ತಕ್ಷಣ ಆ ಸಾಲಿನ ವಾಲ್ವ್ ಬಂದ್ ಮಾಡಿದರೆ ಉಳಿದ ತೋಟಕ್ಕೆ ನೀರು ಹೋಗುತ್ತಲೇ ಇರುತ್ತದಲ್ಲ, ಹಾಗೆ. ರೋಗಕ್ಕೆ ಬಲಿಯಾಗುವ ಗಿಡ ಇದನ್ನೇ ಮಾಡುತ್ತದೆ, ಆದರೆ ಕಸ ಮೇನ್ ಪೈಪಿಗೆ ಬಂದಮೇಲೆ.

ಈ ಬೇಗ ಗುರುತು ಹಿಡಿಯುವ ಕೆಲಸ ಜೀನ್‌ಗಳದ್ದು. ಜೀನ್ ಅಂದರೆ ಗಿಡದ ಪ್ರತಿ ಕೋಶದೊಳಗಿರುವ ಡಿಎನ್‌ಎ ಎಂಬ ಉದ್ದ ಎಳೆಯ ಒಂದು ತುಣುಕು. ಯಾವ ಪ್ರೋಟೀನ್ ತಯಾರಾಗಬೇಕು ಎಂಬ ಸೂಚನೆ ಅದರಲ್ಲಿರುತ್ತದೆ. ಕೆಲವು ಪ್ರೋಟೀನ್‌ಗಳು ಕೋಶದ ಹೊರಗೋಡೆಯ ಹತ್ತಿರ ಕಾವಲು ಕೂತು, ಶಿಲೀಂಧ್ರದ ಸುಳಿವು ಸಿಕ್ಕ ಕೂಡಲೇ ಒಳಗೆ ಸುದ್ದಿ ಮುಟ್ಟಿಸುತ್ತವೆ. ಚೀನಾದ ವಿಜ್ಞಾನಿಗಳು ಅಮೆರಿಕನ್ ಹತ್ತಿಯಲ್ಲಿ, ಅಂದರೆ ಹಿರ್ಸುಟಮ್ ಜಾತಿಯಲ್ಲಿ, ಇಂಥ ಒಂದು ಜೀನ್ ಪತ್ತೆ ಮಾಡಿ ಅದಕ್ಕೆ ಎಫ್‌ಒವಿ7 ಎಂದು ಹೆಸರಿಟ್ಟರು. ತಡೆದುಕೊಳ್ಳುವ ಗಿಡಕ್ಕೂ ಸಾಯುವ ಗಿಡಕ್ಕೂ ಆ ಜೀನ್‌ನಲ್ಲಿ ಕಂಡ ವ್ಯತ್ಯಾಸ ಡಿಎನ್‌ಎಯ ಒಂದೇ ಒಂದು ಅಕ್ಷರ. ಒಂದು ಅಕ್ಷರ ಬದಲಾದರೆ ಪ್ರೋಟೀನ್‌ನ ಒಂದು ಕೊಂಡಿ ಬದಲಾಗುತ್ತದೆ, ಅಷ್ಟರಿಂದಲೇ ಗಿಡದ ಹಣೆಬರಹ ಬದಲಾಗುತ್ತದೆ. ಇದನ್ನು ಓದಿದಾಗಲೆಲ್ಲ ನನಗೆ ಆಶ್ಚರ್ಯ ತಡೆಯಲಾಗುವುದಿಲ್ಲ.

ಸತ್ತ ಹೊಲದಲ್ಲಿ ಬದುಕಿದ ಗಿಡ

ಜೀನ್ ಅಂದರೇನು ಅಂತ ಗೊತ್ತಾಗುವ ಮೊದಲೇ ರೈತರು ಈ ಕೆಲಸ ಶುರು ಮಾಡಿದ್ದರು. 1899ರ ಸುಮಾರಿಗೆ ಅಮೆರಿಕದ ದಕ್ಷಿಣ ಕ್ಯಾರೊಲಿನಾದ ಕರಾವಳಿ ದ್ವೀಪಗಳಲ್ಲಿ ಉದ್ದ ಎಳೆಯ ಹತ್ತಿ ಸೊರಗಿ ಹಾಳಾಗುತ್ತಿತ್ತು. ಅಲ್ಲಿನ ರಿವರ್ಸ್ ಎಂಬ ರೈತ, ಎಲ್ಲ ಸತ್ತ ಹೊಲದಲ್ಲಿ ಬದುಕಿ ಉಳಿದ ಗಿಡದ ಬೀಜ ಎತ್ತಿಟ್ಟ. ಸರ್ಕಾರದ ವಿಜ್ಞಾನಿ ವಿಲಿಯಂ ಆರ್ಟನ್ ಇದೇ ದಾರಿ ಹಿಡಿದು, ಅದೇ ರೋಗದ ಮಣ್ಣಿನಲ್ಲಿ ಮತ್ತೆ ಮತ್ತೆ ಬಿತ್ತಿ, ಬದುಕಿದ್ದನ್ನು ಮಾತ್ರ ಆರಿಸುತ್ತ ಹೋದರು. ಆ ತಳಿಗೆ ರೈತನ ಹೆಸರೇ ಉಳಿಯಿತು. ಬೆಳೆಗಳಲ್ಲಿ ರೋಗ ನಿರೋಧಕ ತಳಿ ಬೆಳೆಸುವ ವಿಜ್ಞಾನದ ಮೊದಲ ಉದಾಹರಣೆಗಳಲ್ಲಿ ಇದೊಂದು.

ನಮ್ಮ ಕಡೆಯ ಕತೆಯೂ ಕಡಿಮೆಯದ್ದಲ್ಲ. ಬ್ರಿಟಿಷರ ಕಾಲದಲ್ಲಿ ಬೆಳಗಾವಿ, ವಿಜಯಪುರ ಎಲ್ಲ ಮುಂಬೈ ಪ್ರಾಂತ್ಯದಲ್ಲಿದ್ದವು, ಬಾಗಲಕೋಟೆ ಇನ್ನೂ ವಿಜಯಪುರ ಜಿಲ್ಲೆಯೊಳಗೇ ಇತ್ತು. ಇಲ್ಲಿ ಬೆಳೆಯುತ್ತಿದ್ದ ಹತ್ತಿಗೆ ವ್ಯಾಪಾರದಲ್ಲಿ ಕುಮಟಾ ಹತ್ತಿ ಅಂತ ಹೆಸರು. ಹರ್ಬೇಶಿಯಂ ಜಾತಿಯ ಜವಾರಿ ಹತ್ತಿ ಅದು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬಿತ್ತಿದರೆ ಚಳಿಗಾಲ ದಾಟಿ ಬೇಸಿಗೆ ಹೊತ್ತಿಗೆ ಬಿಡಿಸುವ ಬೆಳೆ. ಫ್ಯುಸೇರಿಯಂಗೆ ಬೇಕಾದದ್ದೂ ಇದೇ: ನೀರು ಹಿಡಿದಿಡುವ ಎರಿ ಮಣ್ಣು, ತುಸು ಕ್ಷಾರ, 20ರಿಂದ 30 ಡಿಗ್ರಿ ಒಳಗಿನ ಮಣ್ಣಿನ ಬಿಸಿ. ಹಾಗಾಗಿ ಸೊರಗು ಇಲ್ಲಿ ದೊಡ್ಡ ಕಾಟವಾಗಿತ್ತು. ಧಾರವಾಡದಲ್ಲಿ ಹತ್ತಿ ತಳಿ ಬೆಳೆಸುವವರು ಕುಮಟಾ ಹತ್ತಿಯಿಂದಲೇ ಸೊರಗು ತಡೆಯುವ ಜಯವಂತ ಎಂಬ ತಳಿ ತಂದರು. ಆಮೇಲೆ ಅದರ ಜಾಗಕ್ಕೆ ಬಂದದ್ದು ಜಯಧರ. ವಿಜಯಪುರ, ಬಾಗಲಕೋಟೆಯ ಹಿರಿಯರ ಬಾಯಲ್ಲಿ ಇವತ್ತಿಗೂ ಜವಾರಿ ಹತ್ತಿ ಅಂದರೆ ಜಯಧರವೇ. ಮಳೆ ಕೈಕೊಟ್ಟರೂ ತಡೆದುಕೊಂಡು, ಗೊಬ್ಬರ ಔಷಧಿ ಕೇಳದೆ ಬರುವ ಬೆಳೆ ಅಂತ ಅದನ್ನು ಹೊಗಳುತ್ತಾರೆ.

ಅದೇ ಕಾಲದಲ್ಲಿ ಪುಣೆಯಲ್ಲಿ ಇನ್ನೊಂದು ಮುಖ್ಯ ಕೆಲಸ ನಡೆಯಿತು. ಹೊಲದಲ್ಲಿ ಒಂದು ವರ್ಷ ಬದುಕಿದ ಗಿಡ ನಿಜವಾಗಿ ಗಟ್ಟಿಯೋ, ಇಲ್ಲ ಆ ವರ್ಷ ಮಣ್ಣು ಬಿಸಿಯಾಗಿತ್ತು ಅಂತ ಬಚಾವಾಯಿತೋ ಹೇಗೆ ಹೇಳುವುದು? ಅದಕ್ಕೆ ಅಲ್ಲಿನ ವಿಜ್ಞಾನಿಗಳು ರೋಗ ತುಂಬಿಸಿದ ಮಣ್ಣನ್ನು ಶಿಲೀಂಧ್ರಕ್ಕೆ ಇಷ್ಟವಾದ ಬಿಸಿಯಲ್ಲೇ ಇಟ್ಟು, ಅದರಲ್ಲಿ ಸಸಿ ಬೆಳೆಸಿ ಪರೀಕ್ಷೆ ಮಾಡಿದರು. ಅಲ್ಲಿ ಬದುಕಿದ್ದೇ ನಿಜವಾದ ನಿರೋಧಕ.

ಈಗಲೂ ಪದ್ಧತಿ ಬಹಳ ಬದಲಾಗಿಲ್ಲ. ಸಂಶೋಧನಾ ಕೇಂದ್ರಗಳಲ್ಲಿ ಬೇಕಂತಲೇ ರೋಗ ಬೆಳೆಸಿದ ತುಂಡು ಹೊಲ ಇರುತ್ತದೆ. ಸೊರಗಿ ಸತ್ತ ಗಿಡಗಳ ಕಟಗಿಯನ್ನು ಕತ್ತರಿಸಿ ಪ್ರತಿ ವರ್ಷ ಅಲ್ಲಿಯೇ ಮಣ್ಣಿಗೆ ಸೇರಿಸುತ್ತಾರೆ. ಪರೀಕ್ಷಿಸುವ ತಳಿಯ ಸಾಲುಗಳ ನಡುವೆ, ಖಂಡಿತ ಸಾಯುವ ಒಂದು ತಳಿಯ ಸಾಲು ಹಾಕುತ್ತಾರೆ. ಆ ಸಾಲು ಪೂರ್ತಿ ಸತ್ತರೆ ಮಾತ್ರ ಪರೀಕ್ಷೆ ಸರಿ ನಡೆದಿದೆ ಅಂತ ಅರ್ಥ. ಹೊರಗಿನವರು ನೋಡಿದರೆ ಎಂಥ ಕೆಟ್ಟ ಹೊಲ ಅಂದುಕೊಳ್ಳಬಹುದು. ಆದರೆ ತಳಿ ಬೆಳೆಸುವವರಿಗೆ ಅದರಷ್ಟು ಬೆಲೆಬಾಳುವ ಹೊಲ ಇನ್ನೊಂದಿಲ್ಲ.

ಒಂದು ಜೀನೋ, ಹತ್ತಾರೋ?

ಗಟ್ಟಿ ಗಿಡವನ್ನು ಒಳ್ಳೆ ಇಳುವರಿ ಕೊಡುವ ಗಿಡದ ಜೊತೆ ಕೂಡಿಸಿದರೆ ಮಕ್ಕಳೆಲ್ಲ ಗಟ್ಟಿಯಾಗಿ, ಒಳ್ಳೆ ಇಳುವರಿಯೂ ಕೊಡಬೇಕಲ್ವಾ? ಅಷ್ಟು ಸುಲಭವಿಲ್ಲ.

ಕೆಲವು ಕಡೆ ಒಂದೇ ದೊಡ್ಡ ಜೀನ್ ಕೆಲಸ ಮಾಡುತ್ತದೆ. ಅಮೆರಿಕದ ಪಿಮಾ ಎಂಬ ಉದ್ದ ಎಳೆಯ ಹತ್ತಿಯಲ್ಲಿ ಎಸ್-6 ಎಂಬ ತಳಿ ರೋಗ ತಡೆಯುತ್ತದೆ, ಅದರ ಬಳಗದ್ದೇ ಆದ ಎಸ್-7 ಸಾಯುತ್ತದೆ. ಎಸ್-6ರ ಶಕ್ತಿಯ ಹಿಂದೆ ಒಂದು ಮುಖ್ಯ ಜೀನ್ ಇದೆ ಅಂತ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ಇಂಥ ಜೀನ್ ಇದ್ದರೆ ಕೆಲಸ ಹಗುರ, ಮುಂದಿನ ಪೀಳಿಗೆಯಲ್ಲಿ ಇದೆಯೋ ಇಲ್ಲವೋ ಅಂತ ಸ್ಪಷ್ಟವಾಗಿ ವಿಂಗಡಿಸಬಹುದು.

ಆದರೆ ನಮ್ಮ ಜವಾರಿ ಹತ್ತಿಗಳಲ್ಲಿ ಲೆಕ್ಕ ಸಿಕ್ಕುಸಿಕ್ಕು. ಆರ್ಬೋರಿಯಂ, ಹರ್ಬೇಶಿಯಂ ಹತ್ತಿಗಳ ಮೇಲೆ 1940ರ ದಶಕದಲ್ಲೇ ಕೆಲಸ ಮಾಡಿದವರು ಕಂಡುಕೊಂಡದ್ದು ಇದು: ಎರಡು ಜೀನ್‌ಗಳು ಜೊತೆಗೂಡಿದರೆ ಮಾತ್ರ ಗಿಡ ತಡೆದುಕೊಳ್ಳುತ್ತದೆ, ಒಂದೇ ಇದ್ದರೆ ಸಾಲದು, ಅದರ ಮೇಲೆ ಮೂರನೆಯದೊಂದು ಜೀನ್ ಬಂದು ಇವೆರಡರ ಕೆಲಸವನ್ನು ಕೆಡಿಸಲೂಬಹುದು. ಇನ್ನು ಕೆಲವು ತಳಿಗಳಲ್ಲಿ ಹತ್ತಾರು ಸಣ್ಣ ಸಣ್ಣ ಜೀನ್‌ಗಳು ತಮ್ಮ ತಮ್ಮ ಪಾಲು ಸೇರಿಸುತ್ತವೆ. ಅಲ್ಲಿ ಗಿಡಗಳನ್ನು ಗಟ್ಟಿ, ಸೊಟ್ಟೆ (ಅಂದರೆ ರೋಗಕ್ಕೆ ಸೋಲುವವು) ಅಂತ ಎರಡು ಗುಂಪು ಮಾಡಲಾಗುವುದಿಲ್ಲ. ಪೂರ್ತಿ ಗಟ್ಟಿಯಿಂದ ಪೂರ್ತಿ ಸೊಟ್ಟೆವರೆಗೆ ಎಲ್ಲ ಮಟ್ಟದ ಗಿಡಗಳೂ ಸಿಗುತ್ತವೆ.

ಯಾವುದು ಮೇಲು? ಒಂದೇ ದೊಡ್ಡ ಜೀನ್‌ನ ತಳಿ ಮೊದಲು ಬಹಳ ಚೆನ್ನಾಗಿ ಕಾಪಾಡುತ್ತದೆ. ಆದರೆ ಶಿಲೀಂಧ್ರ ಆ ಒಂದು ಕಾವಲನ್ನು ತಪ್ಪಿಸಿಕೊಳ್ಳುವುದನ್ನು ಕಲಿತರೆ ಎಲ್ಲ ಒಮ್ಮೆಲೆ ಕುಸಿಯುತ್ತದೆ. ಸಣ್ಣ ಜೀನ್‌ಗಳ ಕೂಟ ಪೂರ್ತಿ ಕಾಪಾಡದಿದ್ದರೂ ಬಹುಕಾಲ ಬಾಳುತ್ತದೆ. ನನ್ನ ಮಟ್ಟಿಗೆ, ಒಂದೇ ಹೊಲದಲ್ಲಿ ವರ್ಷವರ್ಷ ಹತ್ತಿ ಹಾಕುವ ನಮ್ಮಂಥ ಕಡೆಗೆ ಎರಡನೆಯದೇ ನಂಬಿಕೆಗೆ ಹೆಚ್ಚು ಯೋಗ್ಯ.

ಶಿಲೀಂಧ್ರದಲ್ಲೂ ಪಂಗಡಗಳು

ಹತ್ತಿಯ ಫ್ಯುಸೇರಿಯಂನಲ್ಲೇ ರೇಸ್ ಎಂಬ ಪಂಗಡಗಳಿವೆ. 1, 2, 3 ಅಂತ ಸಂಖ್ಯೆಯಿಂದ ಕರೆಯುತ್ತಾರೆ. ಯಾವ ರೇಸ್ ಯಾವ ಹತ್ತಿಯನ್ನು ಕೊಲ್ಲುತ್ತದೆ ಎಂಬುದು ಬೇರೆ ಬೇರೆ. ಅಮೆರಿಕದ ಹಳೆಯ ರೇಸ್ 1 ಮರಳು ಮಣ್ಣಿನಲ್ಲಿ, ನೆಮಟೋಡ್ ಜೊತೆ ಸೇರಿದಾಗಲೇ ಜೋರು. ಭಾರತದಲ್ಲಿ 1960ರಲ್ಲಿ ಗುರುತಿಸಿದ ರೇಸ್ 4ಕ್ಕೆ ನೆಮಟೋಡ್ ಸಹಾಯ ಬೇಕಿಲ್ಲ, ಎರಿಯಂಥ ಜಿಗುಟು ಮಣ್ಣಿನಲ್ಲೂ ಅದು ಆರಾಮಾಗಿ ಬೆಳೆಯುತ್ತದೆ. ಇದೇ ರೇಸ್ 4 ಈ ಶತಮಾನದ ಶುರುವಿನಲ್ಲಿ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಕಾಣಿಸಿಕೊಂಡಿತು, 2017ರಲ್ಲಿ ಟೆಕ್ಸಾಸ್‌ಗೂ ಬಂತು. ಅಲ್ಲಿ ಹಳೆಯ ರೇಸ್‌ಗಳ ವಿರುದ್ಧ ಬೆಳೆಸಿದ್ದ ನಿರೋಧಕ ತಳಿಗಳು ಇದರ ಮುಂದೆ ನಿಲ್ಲಲಿಲ್ಲ.

ಇದಕ್ಕೆ ಉಲ್ಟಾ ಕತೆಯೂ ಉಂಟು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ 1993ರಲ್ಲಿ ಸೊರಗು ಕಾಣಿಸಿಕೊಂಡಾಗ ಅಲ್ಲಿನವರು ಜಗತ್ತಿನೆಲ್ಲೆಡೆಯ ತಳಿಗಳನ್ನು ಪರೀಕ್ಷಿಸಿದರು. ಅಲ್ಲಿ ನಿರೋಧಕ ಶಕ್ತಿಯ ಒಳ್ಳೆ ಮೂಲವಾಗಿ ಕಂಡವುಗಳಲ್ಲಿ ಒಂದು ಕೊಯಮತ್ತೂರಿನ ಎಂಸಿಯು-5.

ಹಾಗಾಗಿ ಒಂದು ತಳಿ ನಿರೋಧಕ ಅಂದಾಗ ಕೇಳಬೇಕಾದ ಪ್ರಶ್ನೆ: ಯಾವ ರೋಗಕ್ಕೆ, ಯಾವ ಮಣ್ಣಿನಲ್ಲಿ ಪರೀಕ್ಷೆ ಮಾಡಿ ಹೇಳಿದ್ದು? ವರ್ಟಿಸಿಲಿಯಂ ಎಂಬ ಇನ್ನೊಂದು ಶಿಲೀಂಧ್ರವೂ ಹತ್ತಿಯನ್ನು ಸೊರಗಿಸುತ್ತದೆ, ತಂಪು ಹವೆಯಲ್ಲಿ. ಪಿಮಾ ಹತ್ತಿ ಅದನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಹೆಚ್ಚಿನ ಪಿಮಾ ತಳಿಗಳು ಫ್ಯುಸೇರಿಯಂ ರೇಸ್ 4ರ ಮುಂದೆ ಸೋಲುತ್ತವೆ.

ಬಿಟಿ ಇದ್ದರೆ ಸೊರಗು ಬರುವುದಿಲ್ಲವಾ?

ಸಂಬಂಧವೇ ಇಲ್ಲ. ಬಿಟಿ ಎಂಬುದು ಒಂದು ಬ್ಯಾಕ್ಟೀರಿಯಾದಿಂದ ತಂದ ಜೀನ್, ಅದರ ಪ್ರೋಟೀನ್ ಕಾಯಿಕೊರಕ ಹುಳಕ್ಕೆ ವಿಷ. 2002ರಲ್ಲಿ ಭಾರತದಲ್ಲಿ ಒಪ್ಪಿಗೆ ಸಿಕ್ಕಿತು. ಶಿಲೀಂಧ್ರದ ಮೇಲೆ ಅದು ಏನೂ ಮಾಡುವುದಿಲ್ಲ.

ಆದರೆ ಬಿಟಿ ಬಂದದ್ದು ಯಾವ ಹತ್ತಿಯಲ್ಲಿ ಅನ್ನುವುದು ಮುಖ್ಯ. ಸ್ವಾತಂತ್ರ್ಯ ಬಂದಾಗ ದೇಶದ ಹತ್ತಿ ಹೊಲಗಳಲ್ಲಿ ಸುಮಾರು 97 ಶೇಕಡ ಜವಾರಿ ಹತ್ತಿಯೇ ಇತ್ತು. ಈಗ ಬಹುಪಾಲು ಹಿರ್ಸುಟಮ್ ಎಂಬ ಅಮೆರಿಕನ್ ಜಾತಿಯ ಹೈಬ್ರಿಡ್. ಧಾರವಾಡದ ವರಲಕ್ಷ್ಮಿ, ಆಮೇಲೆ ಡಿಸಿಎಚ್-32 ಹೈಬ್ರಿಡ್‌ಗಳು ನಮ್ಮ ಕಡೆ ಈ ಬದಲಾವಣೆಗೆ ದಾರಿ ಮಾಡಿದವು. ಭಾರತದ ಫ್ಯುಸೇರಿಯಂ ಮುಖ್ಯವಾಗಿ ಕಾಡಿದ್ದು ಜವಾರಿ ಜಾತಿಗಳನ್ನು, ಹಿರ್ಸುಟಮ್ ಇಲ್ಲಿ ಬಹುಮಟ್ಟಿಗೆ ಬಚಾವಾಯಿತು. ಇವತ್ತು ಬಿಟಿ ಹೊಲದಲ್ಲಿ ಫ್ಯುಸೇರಿಯಂಗಿಂತ ಪ್ಯಾರಾವಿಲ್ಟ್ ಹೆಚ್ಚಾಗಿ ಕಾಣಲು ಇದೂ ಒಂದು ಕಾರಣ. ಹಾಗಂತ ನಿಶ್ಚಿಂತೆಯಿಂದ ಇರಲಾಗದು. ಅಮೆರಿಕದಲ್ಲಿ ರೇಸ್ 4 ಹಿರ್ಸುಟಮ್ ತಳಿಗಳನ್ನೂ ಕೊಂದಿದೆ.

ಜಯಧರದ ಒಳ್ಳೆ ಗುಣವನ್ನು ಹಿರ್ಸುಟಮ್‌ಗೆ, ಹಿರ್ಸುಟಮ್‌ನ ಉದ್ದ ಎಳೆಯನ್ನು ಜಯಧರಕ್ಕೆ ತರಬಹುದಲ್ಲ ಅಂತ ಅನಿಸುತ್ತದೆ. ಅಡ್ಡಿ ಏನೆಂದರೆ ಜವಾರಿ ಹತ್ತಿಯ ಕೋಶದಲ್ಲಿ 26 ವರ್ಣತಂತು, ಅಂದರೆ ಡಿಎನ್‌ಎ ಕಟ್ಟುಗಳು, ಹಿರ್ಸುಟಮ್‌ನಲ್ಲಿ 52. ಎರಡನ್ನೂ ಕೂಡಿಸಿದರೆ ಹುಟ್ಟುವ ಗಿಡದಲ್ಲಿ 39. ಅವು ಸರಿಯಾಗಿ ಜೋಡಿಯಾಗದೆ ಗಿಡ ಬಂಜೆಯಾಗುತ್ತದೆ. ವರ್ಣತಂತುಗಳನ್ನು ಇಮ್ಮಡಿ ಮಾಡಿ, ಮತ್ತೆ ಮತ್ತೆ ಮೂಲ ತಳಿಗೆ ಕೂಡಿಸಿ ಈ ಅಡ್ಡಿ ದಾಟುತ್ತಾರೆ. ಹಲವು ವರ್ಷದ ಕೆಲಸ. ಜೀನ್‌ನ ಪಕ್ಕದಲ್ಲಿರುವ ಡಿಎನ್‌ಎ ಗುರುತುಗಳನ್ನು, ಅಂದರೆ ಮಾರ್ಕರ್‌ಗಳನ್ನು ನೋಡಿ ಸಸಿ ಹಂತದಲ್ಲೇ ಆರಿಸುವುದು ಈಗ ಬಂದಿದೆ. ಗಿಡ ಬೆಳೆದು ಸಾಯುವವರೆಗೆ ಕಾಯಬೇಕಿಲ್ಲ, ಒಂದು ಎಲೆಯ ತುಣುಕು ಸಾಕು.

ಹೊಲದಲ್ಲಿ ಮಾಡುವುದು

ನಿರೋಧಕ ತಳಿ ಹಾಕಿದರೂ ಮಣ್ಣಿನಲ್ಲಿ ಶಿಲೀಂಧ್ರ ಕಡಿಮೆ ಇದ್ದಷ್ಟೂ ಅದರ ಶಕ್ತಿ ಬಾಳುತ್ತದೆ. ಕಂದು ಗೆರೆ ಕಂಡ ಗಿಡವನ್ನು ಬೇರು ಸಮೇತ ಕಿತ್ತು ಸುಡಿ. ಹೊಲದಲ್ಲೇ ಮುರಿದು ಹಾಕಿ ರಂಟೆ ಹೊಡೆದರೆ ರೋಗದ ತುಂಡು ಹೊಲವನ್ನು ನೀವೇ ಮಾಡಿಕೊಂಡ ಹಾಗೆ. ರೋಗದ ಹೊಲದಿಂದ ಬಂದ ಟ್ರ್ಯಾಕ್ಟರ್ ಗಾಲಿ, ಕುಂಟೆಗೆ ಅಂಟಿದ ಮಣ್ಣನ್ನು ತೊಳೆದು ಇನ್ನೊಂದು ಹೊಲಕ್ಕೆ ಹೋಗಿ. ಜೋಳ, ಗೋಧಿ ಹಾಕಿ ಬೆಳೆ ಬದಲಾಯಿಸಿದರೆ ರೋಗ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಬೀಜಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಲೇಪಿಸಿದರೆ ಎಳೆ ಬೇರಿಗೆ ತುಸು ರಕ್ಷಣೆ ಸಿಗುತ್ತದೆ.

ಸೊರಗಿದ ಹೊಲದಿಂದ ಬೀಜ ಇಟ್ಟುಕೊಳ್ಳಬೇಡಿ, ಶಿಲೀಂಧ್ರ ಬೀಜದೊಳಗೂ ಇರಬಲ್ಲದು, ಆಮ್ಲದಲ್ಲಿ ತೊಳೆದರೂ ಒಳಗಿನದು ಹೋಗುವುದಿಲ್ಲ. ಜಯಧರದಂಥ ತಳಿಯ ಬೀಜವನ್ನು ರೋಗವಿಲ್ಲದ ಹೊಲದಿಂದ ಎತ್ತಿಟ್ಟರೆ ಮುಂದಿನ ವರ್ಷವೂ ಗುಣ ಹಾಗೇ ಬರುತ್ತದೆ. ಹೈಬ್ರಿಡ್‌ನಲ್ಲಿ ಹಾಗಲ್ಲ. ಅದರ ಬೀಜ ಹಾಕಿದರೆ ಜೀನ್‌ಗಳು ಹಂಚಿಹೋಗಿ ಕೆಲವು ಗಿಡ ಗಟ್ಟಿ, ಕೆಲವು ಸೊಟ್ಟೆ.

ಅನುಮಾನ ಇದ್ದರೆ ಒಂದು ಗಿಡವನ್ನು ಪೂರ್ತಿ ಒಣಗುವ ಮೊದಲು, ಬಾಡುತ್ತಿರುವಾಗಲೇ ಬೇರು, ಬುಡ ಸಮೇತ ಕಿತ್ತುಕೊಳ್ಳಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೆವತು ಬೇರೆ ಬೂಷ್ಟು ಬರುತ್ತದೆ, ಅದಕ್ಕೆ ಪೇಪರಿನಲ್ಲಿ ಸುತ್ತಿ. ಬಿತ್ತಿದ ದಿನ, ತಳಿಯ ಹೆಸರು, ಹಿಂದಿನ ಬೆಳೆ, ಯಾವಾಗ ಮಳೆಯಾಯಿತು ಎಂದು ಚೀಟಿ ಬರೆದಿಟ್ಟು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ, ವಿಜಯಪುರದ ಹಿಟ್ನಳ್ಳಿ ಫಾರ್ಮಿಗೋ, ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೋ ಒಯ್ಯಿರಿ. ಪಕ್ಕದಲ್ಲೇ ಬದುಕಿರುವ ಅದೇ ತಳಿಯ ಒಂದು ಗಿಡವನ್ನೂ ಜೊತೆಗೆ ಒಯ್ದರೆ ಹೋಲಿಸಿ ನೋಡಲು ಅವರಿಗೆ ಸುಲಭ.